ಸಿಡಿಲು, ತೇಪೆ ಮತ್ತು ನಾವು ನಾಲ್ವರು

ನಾಲ್ಕನೇ ಸೆಮ್ ಮಿನಿ ಪ್ರಾಜೆಕ್ಟಿಗೆ ಟಾಪಿಕ್ ಹುಡುಕುವಾಗ ನಮಗಿದ್ದದ್ದು ಒಂದೇ ಆಸೆ. ಬೇರೆ ಯಾರೂ ಮಾಡಿರಬಾರದು. ಗಿಡಕ್ಕೆ ತಾನೇ ನೀರು ಹಾಕೋ ಸಿಸ್ಟಮ್ ಆಗಲೇ ಮೂರು ಬ್ಯಾಚ್ ತಗೊಂಡಿತ್ತು. ಲೈನ್ ಫಾಲೋವರ್ ರೋಬೋ ಬಗ್ಗೆ ಕೇಳಲೇಬೇಡಿ. ನಾವು ನಾಲ್ಕು ಜನ, ಇಬ್ಬರು ಮೆಕ್ಯಾನಿಕಲ್, ಒಬ್ಬಳು ಏರೋ, ಒಬ್ಬ ಇಇಇ, ಕ್ಯಾಂಟೀನಿನಲ್ಲಿ ಕೂತು ತಲೆ ಕೆಡಿಸಿಕೊಂಡಿದ್ದೆವು. ಏಪ್ರಿಲ್ ಕೊನೆ. ಹೊರಗೆ ಆ ವರ್ಷದ ಮೊದಲ ಜೋರು ಮಳೆ. ಒಂದು ಗುಡುಗಿಗೆ ಇಡೀ ಕ್ಯಾಂಪಸ್ಸಿನ ಕರೆಂಟ್ ಹೋಯ್ತು.

ಕತ್ತಲಲ್ಲಿ ನಮ್ಮ ಏರೋದವಳು ಅವರ ಊರಿನ ಕಥೆ ತೆಗೆದಳು. ಅರಸೀಕೆರೆ ಕಡೆ ಅವರದು ತೆಂಗಿನ ತೋಟ. ಗುಡುಗು ಶುರುವಾದ್ರೆ ಅಜ್ಜಿ ಮಕ್ಕಳನ್ನೆಲ್ಲ ಒಳಗೆ ಕೂರಿಸಿ ಅರ್ಜುನನ ಹತ್ತು ಹೆಸರು ಹೇಳಿಸ್ತಿದ್ದರಂತೆ. ಒಂದು ವರ್ಷ ಹೆಸರು ಹೇಳಿ ಮುಗಿಯೋದರೊಳಗೆ ಹಿತ್ತಲಿನ ಮರಕ್ಕೆ ಹೊಡೆದೇಬಿಟ್ಟಿತು. ಸುಳಿ ಸುಟ್ಟುಹೋಯ್ತು, ಕಾಂಡ ಉದ್ದಕ್ಕೆ ಸೀಳಿತು. ತಲೆಯಿಲ್ಲದ ಆ ಮರ ಇನ್ನೂ ಹಾಗೇ ನಿಂತಿದೆಯಂತೆ.

"ಮರ ಯಾಕೆ ಸೀಳುತ್ತೆ ಗೊತ್ತಾ? ಒಳಗಿನ ನೀರು ಒಂದೇ ಸಲಕ್ಕೆ ಆವಿ ಆಗುತ್ತೆ. ಹೊರಗೆ ಬರೋಕೆ ದಾರಿ ಇರಲ್ಲ," ಅಂದ ಇಇಇ.

"ಹಂಗಾದ್ರೆ ಕಾರ್ಬನ್ ಫೈಬರ್‌ಗೂ ಹಂಗೇ ಆಗ್ಬೇಕಲ್ವಾ?"

ಇದನ್ನು ಕೇಳಿದ್ದು ಯಾರು ಅಂತ ಈಗ ನಮಗೆ ನೆನಪಿಲ್ಲ. ಆದರೆ ಟಾಪಿಕ್ ಸಿಕ್ಕಿದ್ದು ಆವಾಗಲೇ.

ಇಂಗ್ಲಿಷ್‌ನಲ್ಲಿ ಮಿಂಚಿಗೂ ಸಿಡಿಲಿಗೂ ಸಾಮಾನ್ಯವಾಗಿ ಲೈಟ್ನಿಂಗ್ ಅಂದು ಮುಗಿಸ್ತಾರೆ. ನಮ್ಮಲ್ಲಿ ಹಾಗಲ್ಲ. ಆಕಾಶದಲ್ಲಿ ಬೆಳಗಿದರೆ ಮಿಂಚು, ಸದ್ದು ಮಾಡಿದರೆ ಗುಡುಗು, ಬಂದು ಬಡಿದರೆ ಸಿಡಿಲು. ಸಿಡಿ ಅಂದರೆ ಒಡೆದು ಚದುರು. ಬಡಿದ ವಸ್ತುವಿಗೆ ಏನಾಗುತ್ತೆ ಅನ್ನೋದು ಹೆಸರಿನಲ್ಲೇ ಇದೆ. ಪ್ರಾಜೆಕ್ಟ್ ಮುಗಿಯೋ ಹೊತ್ತಿಗೆ ಆ ಪದ ಎಷ್ಟು ಸರಿ ಅಂತ ಕಣ್ಣಾರೆ ನೋಡಿದೆವು.

ಮೊದಲು ಸ್ವಲ್ಪ ಥಿಯರಿ. ಬೋರ್ ಆಗಲ್ಲ, ಓದಿ.

ಪ್ರಯಾಣಿಕರ ವಿಮಾನ ಒಂದಕ್ಕೆ ಸರಾಸರಿ ವರ್ಷಕ್ಕೆ ಒಂದು ಸಲ ಸಿಡಿಲು ಬಡಿಯುತ್ತೆ. ಬಹಳ ಸಲ ವಿಮಾನವೇ ಅದನ್ನು ಕರೆದುಕೊಳ್ಳುತ್ತೆ. ಚಾರ್ಜ್ ತುಂಬಿದ ಮೋಡದೊಳಗೆ ಅಷ್ಟುದ್ದದ ವಾಹಕ ನುಗ್ಗಿದರೆ ಇನ್ನೇನಾಗುತ್ತೆ? ಮೂಗಿಗೋ ರೆಕ್ಕೆಯ ತುದಿಗೋ ಬಡಿಯುತ್ತೆ, ಮೈಮೇಲೆ ಹರಿದು ಬಾಲದಿಂದ ಹೊರಹೋಗುತ್ತೆ. ಸಿಡಿಲಿನ ದಾರಿಯಲ್ಲಿ ಗಾಳಿಯ ತಾಪ ಸುಮಾರು 30,000 ಕೆಲ್ವಿನ್, ಅಂದರೆ ಸೂರ್ಯನ ಮೇಲ್ಮೈಗಿಂತ ಐದು ಪಟ್ಟು. ವಿಮಾನದ ಭಾಗಗಳನ್ನು ಪರೀಕ್ಷಿಸುವಾಗ ಮೊದಲ ಹೊಡೆತಕ್ಕೆ ಹಿಡಿಯೋ ಲೆಕ್ಕ 2 ಲಕ್ಷ ಆಂಪಿಯರ್. ನಮ್ಮ ಮನೆಯ ಗೀಸರ್ ಎಳೆಯೋದು ಹತ್ತು ಚಿಲ್ಲರೆ.

ಇಷ್ಟಾದರೂ ಒಳಗೆ ಕೂತವರಿಗೆ ಏನೂ ಆಗಲ್ಲ, ಯಾಕೆಂದರೆ ಅಲ್ಯೂಮಿನಿಯಂ ಮೈ ಕರೆಂಟನ್ನು ಹೊರಗಿನಿಂದ ಹೊರಗೇ ಸಾಗಿಸಿಬಿಡುತ್ತೆ. ಫ್ಯಾರಡೆ ಕೇಜ್, ಪಿಯುಸಿಯಲ್ಲಿ ಓದಿದ್ದೇ. ಆದರೆ ಈಗಿನ ವಿಮಾನದ ಮೈಯೆಲ್ಲ ಅಲ್ಯೂಮಿನಿಯಂ ಆಗಿ ಉಳಿದಿಲ್ಲ. ಬೋಯಿಂಗ್ 787ರ ತೂಕದಲ್ಲಿ ನೂರಕ್ಕೆ 50 ಭಾಗ ಕಾಂಪೊಸಿಟ್, ಏರ್‌ಬಸ್ ಎ350ರಲ್ಲಿ 53. ನಮ್ಮ ಬೆಂಗಳೂರಿನಲ್ಲೇ ತಯಾರಾಗೋ ತೇಜಸ್‌ನಲ್ಲಿ ಸುಮಾರು 45. ಕಾರ್ಬನ್ ನಾರಿನಲ್ಲಿ ಕರೆಂಟ್ ಹರಿಯುತ್ತೆ ನಿಜ, ಆದರೆ ಅದರ ತಡೆ ಅಲ್ಯೂಮಿನಿಯಂಗಿಂತ 500 ಪಟ್ಟಿಗೂ ಹೆಚ್ಚು. ಅದೂ ನಾರಿನ ಉದ್ದಕ್ಕೆ ಹರಿದರೆ ಮಾತ್ರ. ಒಂದು ಪದರದಿಂದ ಕೆಳಗಿನ ಪದರಕ್ಕೆ ಇಳಿಯೋಕೆ ನಡುವೆ ಎಪಾಕ್ಸಿ ಇರುತ್ತೆ, ಅದು ಅಪ್ಪಟ ಅವಾಹಕ. ಸಿಡಿಲು ಬಡಿದ ಜಾಗದಲ್ಲಿ ಕರೆಂಟ್ ಹರಡೋಕಾಗದೆ ಅಲ್ಲೇ ಕಾಯುತ್ತೆ, ಎಪಾಕ್ಸಿ ಕೊಳೆತು ಅನಿಲವಾಗುತ್ತೆ, ಆ ಅನಿಲ ಪದರಗಳನ್ನು ಒಳಗಿಂದ ಒಡೆದು ಬಿಡಿಸುತ್ತೆ. ಹಿತ್ತಲಿನ ತೆಂಗಿನ ಮರದ ಕಥೆಯೇ.

ಅದಕ್ಕೇ ಕಾಂಪೊಸಿಟ್ ಮೈಯ ಮೇಲೆ, ಬಣ್ಣದ ಕೆಳಗೆ, ತೆಳ್ಳನೆಯ ತಾಮ್ರದ ಜಾಲರಿ ಇಟ್ಟಿರ್ತಾರೆ. ಅಲ್ಯೂಮಿನಿಯಂ ಜಾಲರಿ ಇನ್ನೂ ಹಗುರ. ಆದರೆ ಅದು ಕಾರ್ಬನ್‌ಗೆ ನೇರ ತಾಗಿದರೆ ತೇವ ಸೇರಿ ತುಕ್ಕು ತಿನ್ನುತ್ತೆ, ನಡುವೆ ಗಾಜಿನ ನಾರಿನ ಪದರ ಹಾಕಬೇಕಾಗುತ್ತೆ. ಸಿಡಿಲು ಬಡಿದಾಗ ಜಾಲರಿ ಆ ಜಾಗದಲ್ಲಿ ಕರಗಿ ಆವಿಯಾಗುತ್ತೆ, ಉಳಿದ ಕರೆಂಟನ್ನು ಸುತ್ತ ಹರಡುತ್ತೆ. ತಾನು ಸುಟ್ಟುಕೊಂಡು ಕೆಳಗಿನ ಕಾರ್ಬನ್ನನ್ನು ಉಳಿಸುತ್ತೆ.

ಇಲ್ಲಿವರೆಗೆ ಸರಿ. ಇನ್ನು ನಮ್ಮ ಟಾಪಿಕ್. ಆ ವಿಮಾನಕ್ಕೆ ಏಣಿಯೋ ಗಾಡಿಯೋ ತಾಗಿ ಒಂದು ತೂತಾಯ್ತು ಅಂದುಕೊಳ್ಳಿ. ದುರಸ್ತಿ ಮಾಡಬಹುದು, ಎಷ್ಟು ದೊಡ್ಡದಿದ್ದರೂ ಮಾಡ್ತಾರೆ. 2013ರ ಜುಲೈನಲ್ಲಿ ಲಂಡನ್ನಿನ ಹೀಥ್ರೋದಲ್ಲಿ ನಿಂತಿದ್ದ ಇಥಿಯೋಪಿಯನ್ ಏರ್‌ಲೈನ್ಸಿನ 787ಕ್ಕೆ ಒಂದು ಬ್ಯಾಟರಿಯಿಂದ ಬೆಂಕಿ ಹತ್ತಿ, ಬಾಲದ ಹತ್ತಿರ ಮೇಲ್ಮೈಯೇ ಸುಟ್ಟುಹೋಗಿತ್ತು. ದುರಸ್ತಿ ಮುಗಿಸಿ ಅದೇ ವರ್ಷದ ಕೊನೆಗೆ ಮತ್ತೆ ಹಾರಿಸಿದರು. ತೂತಿನ ಸುತ್ತ ಪದರ ಪದರವಾಗಿ ಇಳಿಜಾರು ಬರೋ ಹಾಗೆ ಉಜ್ಜಿ, ಹೊಸ ಕಾರ್ಬನ್ ಪದರಗಳನ್ನು ಒಂದರ ಮೇಲೊಂದು ಕೂರಿಸೋ ಪದ್ಧತಿ ಇದೆ. ಒಂದು ಮಿಲಿಮೀಟರ್ ಆಳಕ್ಕೆ 20, 30, ಕೆಲವು ಕಡೆ 50 ಮಿಲಿಮೀಟರ್ ಇಳಿಜಾರು. ತೇಪೆ ಹಾಕೋದೇ, ಆದರೆ ಬಹಳ ನಾಜೂಕಿನ ತೇಪೆ.

ಬಲ ವಾಪಸ್ ಬಂತು. ಜಾಲರಿ? ತೂತು ಬಿದ್ದಾಗ ಅದೂ ಹರಿದಿರುತ್ತೆ. ಹೊಸ ಜಾಲರಿ ಹಾಕಿ ಹಳೆಯದಕ್ಕೆ ಸೇರಿಸಬೇಕು. ಸೇರಿಸೋದು ಅಂದರೆ ಮೇಲೆ ಅಂಟಿಸೋದಲ್ಲ, ತಾಮ್ರಕ್ಕೆ ತಾಮ್ರ ಮುಟ್ಟಬೇಕು. ಮುಟ್ಟದಿದ್ದರೆ ಆ ಗೆರೆಯ ಮೇಲೆ ಕಿಡಿ ಹಾರುತ್ತೆ. ರೆಕ್ಕೆಯೊಳಗೇ ಇಂಧನ ತುಂಬಿರೋ ವಿಮಾನದಲ್ಲಿ ಕಿಡಿ ಅಂದರೆ ಏನು ಅಂತ ಹೇಳಬೇಕಾಗಿಲ್ಲ. 1963ರ ಡಿಸೆಂಬರ್ 8ರಂದು ಅಮೆರಿಕದ ಮೇರಿಲ್ಯಾಂಡಿನ ಎಲ್ಕ್‌ಟನ್ ಹತ್ತಿರ ಪ್ಯಾನ್ ಆ್ಯಮ್‌ನ ಬೋಯಿಂಗ್ 707 ಸಿಡಿಲು ಬಡಿದು ಬಿತ್ತು. ರೆಕ್ಕೆಯ ಟ್ಯಾಂಕಿನಲ್ಲಿದ್ದ ಇಂಧನದ ಆವಿ ಸ್ಫೋಟಿಸಿತ್ತು. ಒಳಗಿದ್ದ 81 ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ಅದು ಪೂರ್ತಿ ಲೋಹದ ವಿಮಾನ. ನಮ್ಮ ಮೊದಲ ರಿವ್ಯೂದಲ್ಲಿ ಈ ಸ್ಲೈಡ್ ತುಂಬ ಜೋರಾಗಿ ಪ್ರೆಸೆಂಟ್ ಮಾಡಿದ್ವಿ. ಗೈಡ್ ಮೇಡಂ ಕೂಡ ಮೆಚ್ಚಿಕೊಂಡರು. ಆಮೇಲೆ ನಾವೇ ಏನು ಮಾಡಿದ್ವಿ ನೋಡಿ.

ನಮ್ಮ ಪ್ಯಾನೆಲ್ ಒಂದಡಿ ಚೌಕ. ಎಂಟು ಪದರ ಕಾರ್ಬನ್ ಬಟ್ಟೆ, ಎಲ್‌ವೈ 556 ರೆಸಿನ್, ಎಚ್‌ವೈ 951 ಹಾರ್ಡನರ್, ಹತ್ತಕ್ಕೆ ಒಂದರ ಲೆಕ್ಕ. ಮೇಲೆ ತಾಮ್ರದ ಜಾಲರಿ, ನಮ್ಮ ಚಹಾ ಜರಡಿಗಿಂತ ಸ್ವಲ್ಪ ನಯ. ವ್ಯಾಕ್ಯೂಮ್ ಬ್ಯಾಗಿನಲ್ಲಿ ಒಂದು ದಿನ ಗಟ್ಟಿಯಾಗೋಕೆ ಬಿಟ್ಟೆವು. ಎರಡು ಪ್ಯಾನೆಲ್ ಮಾಡಿದೆವು. ಒಂದನ್ನು ಹಾಗೇ ಇಟ್ಟು, ಇನ್ನೊಂದರ ನಡುವೆ ನಾಲ್ಕು ಪದರದಷ್ಟು ಆಳ ಗಾಯ ಮಾಡಿ ತೇಪೆ ಹಾಕೋದು. ಆಮೇಲೆ ಎರಡಕ್ಕೂ ಹೈವೋಲ್ಟೇಜ್ ಲ್ಯಾಬಿನ ಇಂಪಲ್ಸ್ ಕರೆಂಟ್ ಜನರೇಟರಿನಿಂದ 10 ಸಾವಿರ ಆಂಪಿಯರ್ ಹೊಡೆಸೋದು. ನಿಜವಾದ ಸಿಡಿಲಿನ ಮುಂದೆ ಇದು ಪಟಾಕಿ ಅಂತ ನಮಗೂ ಗೊತ್ತು. ಆದರೂ ಹೋಲಿಸೋಕೆ ಸಾಕು.

ತೇಪೆಯಲ್ಲಿ ಅತಿ ಕಷ್ಟದ ಭಾಗ ಇಳಿಜಾರು ಅಂದುಕೊಂಡಿದ್ದೆವು. ಆಗಿದ್ದು ಬೇರೆ. ಗಾಯದ ಸುತ್ತ ಒಂದಿಂಚು ಅಗಲಕ್ಕೆ ಹಳೆಯ ಜಾಲರಿಯ ಮೇಲಿನ ರೆಸಿನ್ ಮಾತ್ರ ತೆಗೆಯಬೇಕು, ತಾಮ್ರ ಉಳಿಯಬೇಕು. ಸ್ವಲ್ಪ ಹೆಚ್ಚು ಉಜ್ಜಿದರೆ ತಂತಿಯೇ ತುಂಡು. ಪ್ರಾಕ್ಟೀಸ್ ತುಂಡಿನಲ್ಲಿ ಎರಡು ಸಲ ಹಾಗೇ ಆಯ್ತು. ಆ ಹೆದರಿಕೆಗೆ ನಿಜವಾದ ಪ್ಯಾನೆಲ್ ಮೇಲೆ ಕೈ ಹಗುರ ಮಾಡಿದೆವು. ಅಲ್ಲಲ್ಲಿ ತಾಮ್ರ ಮಿನುಗಿತು, ಸಾಕು ಅಂದುಕೊಂಡು ಹೊಸ ಜಾಲರಿ ಕೂರಿಸಿಬಿಟ್ಟೆವು.

ಮಾರನೇ ದಿನ ಬ್ಯಾಗ್ ಬಿಚ್ಚಿ ಮಿಲಿಓಮ್ ಮೀಟರ್ ಹಿಡಿದೆವು. ಮೇಡಂ ಹೇಳಿದ್ದು ಸರಳ. ಒಂದು ಪ್ರೋಬ್ ತೇಪೆಯ ನಡುವೆ, ಇನ್ನೊಂದು ಪ್ಯಾನೆಲಿನ ಅಂಚಿನಲ್ಲಿ. ಚೆನ್ನಾಗಿದ್ದ ಪ್ಯಾನೆಲ್‌ನಲ್ಲಿ 8 ಮಿಲಿಓಮ್ ಬಂದಿತ್ತು. ತೇಪೆಯದು 1.6 ಓಮ್. ಇನ್ನೊಂದು ಸಲ ಹಿಡಿದೆವು, 1.6. ಪ್ರೋಬ್ ಒರೆಸಿ ಹಿಡಿದರೂ ಅಷ್ಟೇ. 200 ಪಟ್ಟು ಹೆಚ್ಚು. ಹಳೆಯ ಜಾಲರಿಗೂ ಹೊಸ ಜಾಲರಿಗೂ ನಡುವೆ ರೆಸಿನ್‌ನ ಪೊರೆ ಉಳಿದುಬಿಟ್ಟಿತ್ತು.

ರಿವ್ಯೂಗೆ ಎರಡು ದಿನ ಇತ್ತು. ಬಿಚ್ಚಿ ಮತ್ತೆ ಮಾಡೋಕೆ ಒಂದೂವರೆ ದಿನವಾದರೂ ಬೇಕು. ಮಧ್ಯದಲ್ಲಿ ಇಂಟರ್ನಲ್ಸ್ ಬೇರೆ. ರಾತ್ರಿ ಏಳೂವರೆ, ಲ್ಯಾಬಿನಲ್ಲಿ ನಾವಷ್ಟೇ.

ಪ್ರೋಬನ್ನು ಒಂದು ಬೆರಳು ಆಚೆ ಸರಿಸಿದೆವು. ತೇಪೆಯ ಗೆರೆ ದಾಟಿ ಹಳೆಯ ಜಾಲರಿಯ ಮೇಲೆ. 7 ಮಿಲಿಓಮ್.

ಅದನ್ನೇ ಬರೆದೆವು.

ಸುಳ್ಳು ಅಂತ ಆವಾಗ ಅನ್ನಿಸಲಿಲ್ಲ. ಮೀಟರ್ ತೋರಿಸಿದ್ದನ್ನೇ ಬರೆದಿದ್ದೀವಲ್ಲ! ಸಂಖ್ಯೆ ನಿಜ, ಜಾಗ ಮಾತ್ರ ಸ್ವಲ್ಪ ಆಚೀಚೆ. ಆಮೇಲೆ ಬಣ್ಣ ಹೊಡೆದೆವು. ತೇಪೆಯ ಅಂಚು ಉಬ್ಬಿ ಕಾಣ್ತಿತ್ತು, ಅದಕ್ಕೆ ಮೂರನೇ ಕೋಟ್ ಕೂಡ. ಒಣಗಿದ ಮೇಲೆ ಪ್ಯಾನೆಲ್ ಎಷ್ಟು ಚೆನ್ನಾಗಿತ್ತು ಅಂದರೆ ಫೋಟೋ ತೆಗೆದು ಸ್ಟೇಟಸ್ ಹಾಕಿದ್ವಿ.

ಹೈವೋಲ್ಟೇಜ್ ಲ್ಯಾಬಿನ ಇನ್‌ಸ್ಟ್ರಕ್ಟರ್ ಸರ್ ಮೊದಲು ಏರ್‌ಫೋರ್ಸಿನಲ್ಲಿ ಏರ್‌ಫ್ರೇಮ್ ಫಿಟರ್ ಆಗಿದ್ದವರು. ಮಾತು ಕಡಿಮೆ. ಚೆನ್ನಾಗಿದ್ದ ಪ್ಯಾನೆಲನ್ನು ಮೊದಲು ಕಟ್ಟಿದರು, ನಮ್ಮನ್ನೆಲ್ಲ ಬೇಲಿಯಾಚೆ ನಿಲ್ಲಿಸಿದರು, ಚಾರ್ಜ್ ಆಗೋವರೆಗೆ ಒಂದು ಸಣ್ಣ ಗುಂಯ್ ಸದ್ದು. ಆಮೇಲೆ ಡಬ್! ಅರ್ಥ್ ಕೋಲು ಮುಟ್ಟಿಸಿ ಒಳಗೆ ಬಿಟ್ಟರು. ನಡುವೆ ಉಗುರಿನಷ್ಟು ಜಾಗದಲ್ಲಿ ಬಣ್ಣ ಹಾರಿ ಜಾಲರಿ ಕರಗಿತ್ತು. ಕಾರ್ಬನ್ನಿಗೆ ಏನೂ ಆಗಿರಲಿಲ್ಲ.

ಎರಡನೆಯದು. ಡಬ್ ಅನ್ನೋ ಸದ್ದಿನ ಜೊತೆಗೆ ತೇಪೆಯ ಸುತ್ತ ಬಿಳಿ ಉಂಗುರವೊಂದು ಮಿಂಚಿತು. ಬಾಗಿಲು ತೆಗೆದರೆ ಸುಟ್ಟ ಎಪಾಕ್ಸಿ ವಾಸನೆ. ತೇಪೆ ಮತ್ತು ಪ್ಯಾನೆಲ್ ಸೇರೋ ಗೆರೆ ಪೂರ್ತಿ ಕಪ್ಪಾಗಿತ್ತು. ಬಣ್ಣ ಹೂವಿನ ದಳದ ಹಾಗೆ ಎದ್ದಿತ್ತು. ಒಂದು ಕಡೆ ತೇಪೆಯ ಕೆಳಗೆ ಉಗುರು ತೂರಿಸಬಹುದಿತ್ತು. ಓಮ್‌ನ ನಿಯಮದಲ್ಲೇ ಲೆಕ್ಕ ಹಾಕಿ ನೋಡಿ. 10 ಸಾವಿರ ಆಂಪಿಯರ್ 8 ಮಿಲಿಓಮ್ ದಾಟೋಕೆ 80 ವೋಲ್ಟ್ ಸಾಕು. 1.6 ಓಮ್ ದಾಟೋಕೆ 16 ಸಾವಿರ ವೋಲ್ಟ್ ಬೇಕು. ಅಷ್ಟು ವೋಲ್ಟೇಜ್ ಆ ತೆಳು ರೆಸಿನ್ ಪೊರೆಯನ್ನು ಸುಮ್ಮನೆ ಬಿಡುತ್ತಾ?

ಸರ್ ಜೇಬಿನಿಂದ ಒಂದು ರೂಪಾಯಿ ನಾಣ್ಯ ತೆಗೆದು ತೇಪೆಯ ಮೇಲೆ ತಟ್ಟುತ್ತಾ ಹೋದರು. ಸಂತೆಯಲ್ಲಿ ಮಡಕೆ ತಟ್ಟಿ ನೋಡ್ತಾರಲ್ಲ, ಹಾಗೆ. ಒಳ್ಳೆ ಜಾಗದಲ್ಲಿ ಟಣ್ ಟಣ್. ಕಪ್ಪು ಗೆರೆಯ ಹತ್ತಿರ ಬರ್ತಾ ಡಬ ಡಬ. ಪದರ ಬಿಟ್ಟಿರೋ ಜಾಗದ ಸದ್ದು ಅದು. ಹೊರಗೆ ಕಂಡ ಕಪ್ಪಿಗಿಂತ ಆ ಜಾಗ ಎರಡರಷ್ಟು ದೊಡ್ಡದಿತ್ತು.

"ರೆಕಾರ್ಡ್ ಕೊಡ್ರಪ್ಪ," ಅಂದರು. ಪುಟ ತಿರುವಿ 7 ಮಿಲಿಓಮ್ ಮೇಲೆ ಬೆರಳಿಟ್ಟರು.

"ಪ್ರೋಬ್ ಎಲ್ಲಿಟ್ರಿ?"

ನಾಲ್ಕು ಜನರಲ್ಲಿ ಯಾರಿಗೂ ಬಾಯಿ ಬರಲಿಲ್ಲ. ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಇದು ವಿಮಾನ ಆಗಿದ್ರೆ ಬಣ್ಣ ಹೊಡೆದ ಮೇಲೆ ಜಾಲರಿ ಯಾರ ಕಣ್ಣಿಗೂ ಬೀಳಲ್ಲ. ಮೋಡದೊಳಗೆ ಹೋಗೋ ಪೈಲಟ್ಟಿಗೂ ಕಾಣಲ್ಲ. ಆಮೇಲೆ ಉಳಿಯೋದು ನೀವು ಬರೆದ ಈ ಸಂಖ್ಯೆ, ಅದರ ಕೆಳಗಿನ ಸಹಿ, ಅಷ್ಟೇ. ಅದನ್ನ ನಂಬಿ ಅವನು ಹತ್ತೋದು." ಪುಸ್ತಕ ಮುಚ್ಚಿ ಕೊಟ್ಟರು. "ಮೇಡಂಗೆ ನಾನೇನೂ ಹೇಳಲ್ಲ. ಪುಸ್ತಕ ನಿಮ್ದು."

ಆ ರಾತ್ರಿ ಹಾಸ್ಟೆಲಿನ ಟೆರೇಸಿನಲ್ಲಿ ಜಗಳವಾಯ್ತು. ದುರಸ್ತಿ ವಿಫಲವಾಯ್ತು ಅಂತ ರಿಪೋರ್ಟ್ ಬರೆದರಾಯ್ತು, ಅದೂ ರಿಸಲ್ಟೇ ತಾನೇ ಅಂತ ಒಬ್ಬ. ಆದರೆ 7 ಮಿಲಿಓಮ್ ಇದ್ದೂ ಯಾಕೆ ಸುಟ್ಟಿತು ಅಂತ ಕೇಳಿದರೆ? ಅದಕ್ಕೆ ಉತ್ತರ ಕೊಡೋಕೆ ಇನ್ನೊಂದು ಸುಳ್ಳು ಬೇಕು. ಸರಿಸಿದವರೇ ಹೋಗಿ ಹೇಳಲಿ ಅಂತ ಇನ್ನೊಬ್ಬ. ಅಲ್ಲಿಗೆ ಎಲ್ಲರೂ ಸುಮ್ಮನಾದೆವು. ಪ್ರೋಬ್ ಹಿಡಿದ ಕೈ ಒಂದು. ಸ್ವಲ್ಪ ಆಚೆ ಇಡು ಅಂದ ಬಾಯಿ ಇನ್ನೊಂದು. ಬರೆದ ಪೆನ್ನು ಮೂರನೆಯವರದು. ನಾಲ್ಕನೆಯವರು ಎಲ್ಲ ನೋಡ್ತಾ ಇದ್ದರು, ತಡೀಲಿಲ್ಲ. ಈ ಬರಹದಲ್ಲಿ ಯಾರು ಯಾವುದು ಅಂತ ಹೇಳದೆ ನಾವು ನಾವು ಅಂತಲೇ ಬರೀತಿರೋದು ಅದಕ್ಕೇ. ಬಚಾವಾಗೋಕೆ ಅಂತ ಓದಬೇಡಿ.

ಬೆಳಿಗ್ಗೆ ನಾಲ್ಕೂ ಜನ ಮೇಡಂ ಚೇಂಬರಿಗೆ ಹೋದೆವು. ಪೂರ್ತಿ ಹೇಳಿ ಮುಗಿಸೋದಕ್ಕೆ ಎರಡು ನಿಮಿಷವೂ ಹಿಡಿಯಲಿಲ್ಲ. ಪುಟ ಹರಿದು ಹೊಸದಾಗಿ ಬರೀಲಾ ಮೇಡಂ ಅಂತ ಕೇಳಿದ್ದಕ್ಕೆ ಅವರಿಗೆ ನಿಜವಾಗಲೂ ಸಿಟ್ಟು ಬಂತು. "ಹರಿಯೋದಾ? ಒಂದೇ ಗೆರೆ ಹೊಡೀರಿ. ಹೊಡೆದದ್ದು ಓದೋಕೆ ಬರಬೇಕು. ಪಕ್ಕದಲ್ಲಿ ಸರಿಯಾದ ರೀಡಿಂಗು, ತಾರೀಕು, ನಾಲ್ಕೂ ಜನರ ಸಹಿ." ರಿವ್ಯೂ ಮಾರ್ಕ್ಸ್ ಕಟ್ ಮಾಡಿದರು. ಎಷ್ಟು ಅಂತ ಕೇಳಬೇಡಿ. ಫೈನಲ್ ವೈವಾದೊಳಗೆ ಬೇರೆ ಪ್ಯಾನೆಲ್ ಮಾಡಿ ತನ್ನಿ ಅಂದರು.

ಮೂರನೇ ಪ್ಯಾನೆಲ್‌ಗೆ ಒಂದು ಭಾನುವಾರ ಪೂರ್ತಿ ಹೋಯ್ತು. ಈ ಸಲ ಮಷೀನ್ ಮುಟ್ಟಲಿಲ್ಲ. ಸಣ್ಣ ಮರದ ತುಂಡಿಗೆ 320 ನಂಬರಿನ ಎಮರಿ ಪೇಪರ್ ಸುತ್ತಿ ಕೈಯಲ್ಲೇ ಉಜ್ಜಿದೆವು. ಹತ್ತು ಉಜ್ಜು, ಒರೆಸು, ಟಾರ್ಚ್ ಬಿಟ್ಟು ನೋಡು. ಮೊದಲು ರೆಸಿನ್ ಮಸುಕಾಗುತ್ತೆ, ಆಮೇಲೆ ತಂತಿ ತಂತಿ ದಾಟೋ ಗಂಟುಗಳಲ್ಲಿ ಕೆಂಪು ಚುಕ್ಕಿ ಕಾಣುತ್ತೆ, ಆಮೇಲೆ ಚುಕ್ಕಿಗಳು ಸೇರಿ ಗೆರೆಯಾಗುತ್ತೆ. ಅಲ್ಲಿಗೆ ನಿಲ್ಲಿಸಬೇಕು. ಸುತ್ತಲೂ ಒಂದಿಂಚು ಹಾಗೆ ತೆಗೆಯೋಕೆ ನಾಲ್ಕು ಗಂಟೆ ಹಿಡೀತು, ಸರದಿ ಮೇಲೆ. ಅಸಿಟೋನ್‌ನಲ್ಲಿ ಒರೆಸಿ, ಹೊಸ ಜಾಲರಿಯನ್ನು ಒತ್ತಿ ಕೂರಿಸಿ, ವ್ಯಾಕ್ಯೂಮ್ ಹಾಕಿದೆವು. ಗಟ್ಟಿಯಾದ ಮೇಲೆ ತೇಪೆಯ ನಡುವಿನಿಂದ ಅಂಚಿಗೆ 11 ಮಿಲಿಓಮ್. 8 ಬರಲಿಲ್ಲ. 11 ಅಂತಲೇ ಬರೆದೆವು. ಪ್ರೋಬ್ ಇಟ್ಟ ಜಾಗವನ್ನು ಚಿತ್ರ ಬಿಡಿಸಿ ಗುರುತು ಹಾಕಿದೆವು.

ಬಣ್ಣ ಒಂದೇ ಕೋಟ್, ತೆಳ್ಳಗೆ. ಇದನ್ನು ನಾವು ತಡವಾಗಿ ಕಲಿತದ್ದು. ದಪ್ಪ ಬಣ್ಣ ಇದ್ದಷ್ಟೂ ಸಿಡಿಲಿನ ಏಟು ಜೋರು. ಬಣ್ಣ ಅವಾಹಕ. ಸಿಡಿಲಿನ ಬುಡ ಜಾಲರಿಯ ಮೇಲೆ ಹರಡೋಕೆ ಅದು ಬಿಡಲ್ಲ, ಒಂದೇ ಕಡೆ ಕಚ್ಚಿಕೊಳ್ಳೋ ಹಾಗೆ ಮಾಡುತ್ತೆ. ಅದಕ್ಕೇ ವಿಮಾನಗಳ ರಿಪೇರಿ ಮ್ಯಾನ್ಯುಯಲ್‌ನಲ್ಲಿ ತೇಪೆಯ ಮೇಲೆ ಬಣ್ಣ ಎಷ್ಟು ದಪ್ಪ ಇರಬಹುದು ಅನ್ನೋದಕ್ಕೂ ಮಿತಿ ಹಾಕಿರ್ತಾರೆ. ನಾವು ಅಂದಕ್ಕೆ ಅಂತ ಹೊಡೆದ ಮೂರನೇ ಕೋಟ್ ನಮ್ಮ ತಪ್ಪನ್ನು ಮುಚ್ಚಿದ್ದಷ್ಟೇ ಅಲ್ಲ, ಹೆಚ್ಚೂ ಮಾಡಿತ್ತು.

ಡಬ್ ಅಂತ ಮತ್ತೆ ಸದ್ದಾಯ್ತು. ಉಂಗುರ ಮಿಂಚಲಿಲ್ಲ. ನಡುವೆ ಉಗುರಿನಷ್ಟು ಕರಗಿದ ತಾಮ್ರ, ಅಷ್ಟೇ. ಸರ್ ನಾಣ್ಯ ತಟ್ಟಿ ಸುತ್ತು ಬಂದರು. ಟಣ್ ಟಣ್ ಟಣ್. ಏನೂ ಹೇಳಲಿಲ್ಲ. ರೆಕಾರ್ಡ್ ತಗೊಂಡು ನಮ್ಮ ನಾಲ್ಕು ಸಹಿಯ ಕೆಳಗೆ ತಮ್ಮದೊಂದು ಹಾಕಿದರು.

ಈಗ ಎಲ್ಲ ಸರಿಹೋಗಿದೆ ಅಂತ ಬರೆದರೆ ಅದೂ ಪ್ರೋಬ್ ಸರಿಸಿದ ಹಾಗೇ ಆಗುತ್ತೆ. ನಮ್ಮಲ್ಲಿ ಒಬ್ಬನಿಗೆ ಆ ಮಾರ್ಕ್ಸ್ ಹೋದದ್ದು ಇನ್ನೂ ಬೇಜಾರಿದೆ, ಅವನಿಗೆ ಸ್ಕಾಲರ್‌ಶಿಪ್ಪಿನ ಲೆಕ್ಕ ಇತ್ತು. ಹೇಳದೆ ಇದ್ದಿದ್ದರೆ ಯಾರಿಗೆ ಗೊತ್ತಾಗ್ತಿತ್ತು ಅಂತ ಒಂದೊಂದು ಸಲ ಕೇಳ್ತಾನೆ. ನಮ್ಮ ಹತ್ತಿರ ಅದಕ್ಕೆ ಉತ್ತರ ಇಲ್ಲ. ಯಾರಿಗೂ ಗೊತ್ತಾಗ್ತಿರಲಿಲ್ಲ ಅನ್ನೋದು ನಿಜವೇ. ಆದರೆ ಮೊನ್ನೆ ಬೇರೊಂದು ಲ್ಯಾಬಿನಲ್ಲಿ ರೀಡಿಂಗ್ ಹೊಂದದೇ ಇದ್ದಾಗ, ಪಕ್ಕದ ಬ್ಯಾಚಿನದು ನೋಡಿ ಹಾಕೋಣ್ವಾ ಅಂತ ಯಾರೋ ಅಂದರೆ, ಬೇಡ ಅಂದವನು ಅವನೇ.

ಮೂರೂ ಪ್ಯಾನೆಲ್ ಈಗ ಕಾಂಪೊಸಿಟ್ ಲ್ಯಾಬಿನ ಕಿಟಕಿ ಪಕ್ಕದ ಗೋಡೆಯ ಮೇಲಿವೆ. ಸುಟ್ಟದ್ದನ್ನು ನಡುವೆ ಹಾಕಿ ಅಂತ ಮೇಡಂ ಹೇಳಿದರು. ಜೂನಿಯರ್ಸ್ ಯಾರಾದರೂ ಆ ಕಡೆ ಬಂದರೆ ಜೇಬಿನಲ್ಲಿ ಒಂದು ನಾಣ್ಯ ಇಟ್ಟುಕೊಂಡು ಬನ್ನಿ. ತಟ್ಟಿ ನೋಡಿ.